ಬೆಳೆಯುವ ಸಿರಿ ಮೊಳಕೆಯಲ್ಲಿ ಕಂಡೀತೇ? ಬೇಸ್‌ಬಾಲ್ ಡ್ರಾಫ್ಟ್‌ನ ಒಳಗುಟ್ಟು

2021ರ ಜುಲೈ 11ರಂದು ಅಮೆರಿಕದ ಡೆನ್ವರ್ ನಗರದಲ್ಲಿ ಬೇಸ್‌ಬಾಲ್‌ನ ಅತ್ಯುನ್ನತ ಲೀಗ್ ಆದ ಮೇಜರ್ ಲೀಗ್‌ಗೆ ಹೊಸ ಆಟಗಾರರನ್ನು ಆರಿಸುವ ಕಾರ್ಯಕ್ರಮ, ಅಂದರೆ ಡ್ರಾಫ್ಟ್, ನಡೆಯಿತು. ಹತ್ತನೆಯದಾಗಿ ಓದಿದ ಹೆಸರು ಕುಮಾರ್ ರಾಕರ್. ಆಟದ ಗಂಧಗಾಳಿ ಇಲ್ಲದವರೂ ತಲೆಯೆತ್ತಿ ನೋಡುವಂಥ ಹೆಸರು ಅದು. ಆರೂಕಾಲು ಅಡಿಗೂ ಮೀರಿದ ಎತ್ತರದ ಈ ಯುವಕನ ತಂದೆ ಅಮೆರಿಕನ್ ಫುಟ್‌ಬಾಲ್ ಆಟಗಾರರಾಗಿದ್ದವರು, ತಾಯಿ ಭಾರತೀಯ ಮೂಲದವರು. ನ್ಯೂಯಾರ್ಕ್ ಮೆಟ್ಸ್ ತಂಡ ಆತನನ್ನು ಆರಿಸಿತು, 60 ಲಕ್ಷ ಡಾಲರ್ ಕೊಡುವ ಮಾತೂ ಆಯಿತು. ಮೂರು ವಾರ ಕಳೆಯುವಷ್ಟರಲ್ಲಿ ಅದೇ ತಂಡ ಒಪ್ಪಂದಕ್ಕೆ ಸಹಿ ಹಾಕದೆ ಹಿಂದೆ ಸರಿಯಿತು.

ಆರಿಸಿದವರೇ ಬೇಡವೆನ್ನುವುದು ಹೇಗೆ ಸಾಧ್ಯ? ಹಾಗೆ ಬಿಟ್ಟ ಹುಡುಗ ಎಲ್ಲಿಗೆ ಹೋಗುತ್ತಾನೆ? ಹತ್ತನೆಯವನು ಎಂದರೆ ಹತ್ತನೆಯ ಉತ್ತಮ ಆಟಗಾರ ಎಂದು ಅರ್ಥವೇ? ಐಪಿಎಲ್ ಹರಾಜು ನೋಡಿ ಬೆಳೆದ ನಮಗೆ ಈ ಪದ್ಧತಿ ಬೇಗ ಅರ್ಥವಾಗುವುದಿಲ್ಲ. ಎರಡಕ್ಕೂ ಹೊರಗಿನ ಹೋಲಿಕೆ ಇದೆ, ಒಳಗಿನ ತರ್ಕ ಮಾತ್ರ ಪೂರ್ತಿ ಬೇರೆ.

ಹರಾಜಲ್ಲ, ಸರದಿ

ಹರಾಜಿನಲ್ಲಿ ಒಬ್ಬ ಆಟಗಾರನಿಗಾಗಿ ಹಲವು ತಂಡಗಳು ಬೆಲೆ ಏರಿಸುತ್ತವೆ. ಡ್ರಾಫ್ಟ್‌ನಲ್ಲಿ ಬೆಲೆ ಕೂಗುವವರೇ ಇಲ್ಲ. ಶಾಲೆಯ ಮೈದಾನದಲ್ಲಿ ಆಟಕ್ಕೆ ಮುಂಚೆ ಇಬ್ಬರು ನಾಯಕರು ನಿಂತು, ‘ನನಗೆ ಇವನು’, ‘ನನಗೆ ಅವನು’ ಎಂದು ಒಬ್ಬೊಬ್ಬರನ್ನೇ ಕರೆದುಕೊಳ್ಳುವುದನ್ನು ನೆನಪಿಸಿಕೊಳ್ಳಿ. ಡ್ರಾಫ್ಟ್ ಅದೇ. ಇಲ್ಲಿ ನಾಯಕರು ಮಾತ್ರ ಮೂವತ್ತು ಮಂದಿ, ಏಕೆಂದರೆ ಮೇಜರ್ ಲೀಗ್‌ನಲ್ಲಿ ಇರುವುದು 30 ತಂಡಗಳು. ಎಲ್ಲ ತಂಡಗಳೂ ಒಂದೊಂದು ಹೆಸರು ಹೇಳಿದರೆ ಒಂದು ಸುತ್ತು ಮುಗಿಯುತ್ತದೆ. 2009ರ ಹೊತ್ತಿಗೆ ಇಂಥ 50 ಸುತ್ತುಗಳಿದ್ದವು, 2012ರಿಂದ 40 ಆದವು. ಕೋವಿಡ್ ಬಂದ 2020ರಲ್ಲಿ ಐದೇ ಸುತ್ತು ನಡೆಸಿದರು. 2021ರಿಂದ 20 ಸುತ್ತುಗಳು ನಡೆಯುತ್ತಿವೆ.

ಸರದಿಯಲ್ಲಿ ಮೊದಲ ಅವಕಾಶ ಸಿಗುತ್ತಿದ್ದದ್ದು ಹಿಂದಿನ ವರ್ಷ ತೀರಾ ಕೆಟ್ಟದಾಗಿ ಆಡಿದ ತಂಡಕ್ಕೆ. ಸೋತವರಿಗೆ ಒಳ್ಳೆಯ ಹುಡುಗರು ಸಿಕ್ಕರೆ ಕೆಲವೇ ವರ್ಷಗಳಲ್ಲಿ ಅವರೂ ಮೇಲೇಳುತ್ತಾರೆ, ಲೀಗ್ ಸಮತೋಲನದಲ್ಲಿ ಇರುತ್ತದೆ ಎಂಬುದು ಲೆಕ್ಕಾಚಾರ. ಆದರೆ ಕೊನೆಯ ಸ್ಥಾನಕ್ಕೆ ಬಹುಮಾನವಿದ್ದರೆ ಗೆಲ್ಲುವ ಹಟವೇ ಕುಗ್ಗುತ್ತದೆ ಎಂಬ ದೂರು ಬೆಳೆಯಿತು. ಹಾಗಾಗಿ 2023ರಿಂದ ಮೊದಲ ಆರು ಸ್ಥಾನಗಳಿಗೆ ಲಾಟರಿ ಬಂದಿದೆ. ಪ್ಲೇಆಫ್ ತಲುಪದ 18 ತಂಡಗಳ ನಡುವೆ ಚೀಟಿ ಎತ್ತುತ್ತಾರೆ. ಕೆಳಗಿನ ತಂಡಗಳಿಗೆ ಅವಕಾಶ ಹೆಚ್ಚು, ಖಾತರಿ ಮಾತ್ರ ಇಲ್ಲ.

ಹರಾಜಿಗೂ ಇದಕ್ಕೂ ಇನ್ನೂ ದೊಡ್ಡ ವ್ಯತ್ಯಾಸವೊಂದಿದೆ. ಐಪಿಎಲ್‌ನಲ್ಲಿ ಕೊಂಡ ಆಟಗಾರ ಮುಂದಿನ ಋತುವಿನಲ್ಲೇ ಮೈದಾನಕ್ಕೆ ಇಳಿಯುತ್ತಾನೆ, ಅದು ಫಲ ಬಿಟ್ಟ ಮರವನ್ನು ಕೊಂಡ ಹಾಗೆ. ಬೇಸ್‌ಬಾಲ್ ಡ್ರಾಫ್ಟ್‌ನಲ್ಲಿ ಆರಿಸುವುದು ಸಸಿಯನ್ನು. ಅಡಿಕೆ ಸಸಿ ನೆಟ್ಟವರಿಗೆ ಗೊತ್ತು, ಫಸಲಿಗೆ ವರ್ಷಗಟ್ಟಲೆ ಕಾಯಬೇಕು, ನೆಟ್ಟದ್ದೆಲ್ಲ ಮರವಾಗುವುದೂ ಇಲ್ಲ.

1965ಕ್ಕೆ ಮೊದಲು

ಡ್ರಾಫ್ಟ್ ಹುಟ್ಟುವ ಮೊದಲು ಪ್ರತಿಭಾವಂತ ಹುಡುಗನ ಮನೆಯ ಮುಂದೆ ತಂಡಗಳ ಪ್ರತಿನಿಧಿಗಳು ಸಾಲುಗಟ್ಟುತ್ತಿದ್ದರು. ಹೆಚ್ಚು ಹಣ ಕೊಟ್ಟವರಿಗೆ ಹುಡುಗ. ಶ್ರೀಮಂತ ತಂಡಗಳು ಸಹಜವಾಗಿಯೇ ಮುಂದಿದ್ದವು. 1964ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ರಿಕ್ ರೈಕಾರ್ಟ್ ಎಂಬ ಆಟಗಾರನಿಗೆ ಏಂಜಲ್ಸ್ ತಂಡ 2.05 ಲಕ್ಷ ಡಾಲರ್ ಕೊಟ್ಟಿತು. ಮೇಜರ್ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡದ ಹುಡುಗನಿಗೆ, ಹೆಸರಾಂತ ಆಟಗಾರರ ಸಂಬಳವನ್ನು ಮೀರಿಸುವ ಮೊತ್ತ. ಮಾಲೀಕರು ಎಚ್ಚೆತ್ತರು. ಮರುವರ್ಷವೇ ಡ್ರಾಫ್ಟ್ ಬಂತು.

ಸಮತೋಲನದ ಮಾತು ನಿಜವೇ. ಆದರೆ ಹಣ ಉಳಿಸುವುದೂ ಅಷ್ಟೇ ಮುಖ್ಯ ಕಾರಣವಾಗಿತ್ತು ಎಂಬುದನ್ನು ಮರೆಯಬಾರದು. ಒಬ್ಬ ಹುಡುಗನ ಜೊತೆ ಮಾತಾಡುವ ಹಕ್ಕು ಒಂದೇ ತಂಡಕ್ಕೆ ಸಿಕ್ಕರೆ ಬೆಲೆ ತಾನಾಗಿಯೇ ಇಳಿಯುತ್ತದೆ.

1965ರ ಜೂನ್‌ನಲ್ಲಿ ನ್ಯೂಯಾರ್ಕ್‌ನ ಹೋಟೆಲೊಂದರಲ್ಲಿ ನಡೆದ ಆ ಮೊದಲ ಡ್ರಾಫ್ಟ್‌ನಲ್ಲಿ ಮೊದಲ ಹೆಸರು ರಿಕ್ ಮಂಡೆ. ಆತ ಒಳ್ಳೆಯ ಆಟಗಾರನೇ ಆದ, 19 ವರ್ಷ ಆಡಿದ. ಆದರೆ ಆ ದಿನದ ನಿಜವಾದ ನಿಧಿಗಳು ಪಟ್ಟಿಯಲ್ಲಿ ಕೆಳಗಿದ್ದವು. ಮುಂದೆ ಸಾರ್ವಕಾಲಿಕ ಶ್ರೇಷ್ಠ ಕ್ಯಾಚರ್‌ಗಳಲ್ಲಿ (ಬ್ಯಾಟರ್‌ನ ಹಿಂದೆ ಕುಳಿತು ಚೆಂಡು ಹಿಡಿಯುವವರು) ಒಬ್ಬನೆನಿಸಿದ ಜಾನಿ ಬೆಂಚ್ 36ನೆಯವನು. ವೇಗದ ಪಿಚರ್, ಅಂದರೆ ಎಸೆತಗಾರ, ನೋಲನ್ ರಯಾನ್ 295ನೆಯವನು. ರಯಾನ್ ನಿವೃತ್ತನಾದಾಗ ಅವನ ಹೆಸರಿನಲ್ಲಿ 5,714 ಸ್ಟ್ರೈಕ್‌ಔಟ್‌ಗಳಿದ್ದವು. ಹೊಡೆಯಬಹುದಾದ ಚೆಂಡನ್ನು ಬ್ಯಾಟರ್ ಬಿಟ್ಟರೆ ಅಥವಾ ಬೀಸಿ ತಪ್ಪಿದರೆ ಅದು ಸ್ಟ್ರೈಕ್, ಇಂಥ ಮೂರು ಸ್ಟ್ರೈಕ್‌ಗಳಲ್ಲಿ ಬ್ಯಾಟರ್‌ನನ್ನು ಮರಳಿ ಕಳಿಸುವುದೇ ಸ್ಟ್ರೈಕ್‌ಔಟ್. ಆ ದಾಖಲೆಯನ್ನು ಇಂದಿಗೂ ಯಾರೂ ಮುಟ್ಟಿಲ್ಲ. ಮರುವರ್ಷ, 1966ರಲ್ಲಿ, ಮೆಟ್ಸ್ ತಂಡ ಮೊದಲ ಸರದಿಯಲ್ಲಿ ಸ್ಟೀವ್ ಚಿಲ್ಕಾಟ್ ಎಂಬ ಶಾಲಾ ಹುಡುಗನನ್ನು ಆರಿಸಿತು. ಆತ ಒಮ್ಮೆಯೂ ಮೇಜರ್ ಲೀಗ್ ಮೈದಾನಕ್ಕೆ ಇಳಿಯಲಿಲ್ಲ. ಎರಡನೆಯದಾಗಿ ಹೋದವನು ರೆಜಿ ಜಾಕ್ಸನ್, 563 ಹೋಂ ರನ್‌ಗಳ (ನಮ್ಮ ಸಿಕ್ಸರ್‌ನಂಥ ಹೊಡೆತಗಳ) ಸರದಾರ.

ಯಾರು ಈ ಸಾಲಿನಲ್ಲಿ ನಿಲ್ಲಬಹುದು

ಅಮೆರಿಕ, ಕೆನಡಾ ಮತ್ತು ಪೋರ್ಟೊ ರಿಕೊದಂಥ ಅಮೆರಿಕದ ಆಡಳಿತದ ಪ್ರದೇಶಗಳ ಹುಡುಗರಿಗೆ ಮಾತ್ರ ಡ್ರಾಫ್ಟ್. ಹೈಸ್ಕೂಲು ಮುಗಿಸಿ ಇನ್ನೂ ಕಾಲೇಜಿಗೆ ಸೇರದವರನ್ನು ಆರಿಸಬಹುದು. ನಾಲ್ಕು ವರ್ಷದ ಕಾಲೇಜಿಗೆ ಸೇರಿಬಿಟ್ಟರೆ ಮೂರು ವರ್ಷ ಮುಗಿಯಬೇಕು ಅಥವಾ 21 ವಯಸ್ಸು ತುಂಬಬೇಕು. ಡೊಮಿನಿಕನ್ ಗಣರಾಜ್ಯ, ವೆನೆಜುವೆಲಾದಂಥ ದೇಶಗಳ ಹುಡುಗರು ಡ್ರಾಫ್ಟ್‌ನ ಹೊರಗೆ, ನೇರ ಒಪ್ಪಂದದ ಮೂಲಕ ಬರುತ್ತಾರೆ.

ಭಾರತವೂ ಆ ಹೊರಗಿನ ಪಟ್ಟಿಯಲ್ಲೇ ಇದೆ. 2008ರಲ್ಲಿ ಟಿವಿ ಸ್ಪರ್ಧೆಯೊಂದರಿಂದ ಬೆಳಕಿಗೆ ಬಂದ ಉತ್ತರ ಪ್ರದೇಶದ ಜಾವೆಲಿನ್ ಎಸೆತಗಾರರಾದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಪಿಟ್ಸ್‌ಬರ್ಗ್ ಪೈರೇಟ್ಸ್ ಸೇರಿದ್ದು ಹೀಗೆ ನೇರವಾಗಿ. ಕುಮಾರ್ ರಾಕರ್ ಅಮೆರಿಕದಲ್ಲೇ ಹುಟ್ಟಿ ಬೆಳೆದವನಾದ್ದರಿಂದ ಡ್ರಾಫ್ಟ್ ದಾರಿ ಹಿಡಿಯಬೇಕಾಯಿತು. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಮಕ್ಕಳು ಈ ಆಟದಲ್ಲಿ ಮುಂದೆ ಹೋದರೆ ಅವರೂ ಇದೇ ಬಾಗಿಲಿನಿಂದಲೇ ಒಳಗೆ ಹೋಗಬೇಕು.

ಹೆಸರು ಓದಿದ ಮೇಲೆ

ಆಯ್ಕೆಯಾದ ಮಾತ್ರಕ್ಕೆ ಹುಡುಗ ತಂಡದವನಾಗುವುದಿಲ್ಲ. ಅವನ ಜೊತೆ ಮಾತುಕತೆ ನಡೆಸುವ ಹಕ್ಕು ಮಾತ್ರ ತಂಡಕ್ಕೆ ಸಿಗುತ್ತದೆ. ಗಡುವಿನೊಳಗೆ ಬೋನಸ್ (ಸಹಿಗಾಗಿ ತಂಡ ಕೊಡುವ ಹಣ) ಒಪ್ಪಿಕೊಂಡು ಸಹಿ ಹಾಕಬೇಕು. ಹುಡುಗನ ಕೈಯಲ್ಲಿರುವ ಒಂದೇ ಅಸ್ತ್ರ ಕಾಲೇಜು: ‘ಇಷ್ಟು ಕೊಡದಿದ್ದರೆ ಓದಲು ಹೋಗುತ್ತೇನೆ’ ಎನ್ನಬಹುದು. ಹೈಸ್ಕೂಲು ಹುಡುಗನಿಗೆ ಈ ಮಾತಿನ ಬಲ ಇದೆ. ಕಾಲೇಜಿನ ಕೊನೆಯ ವರ್ಷ ಮುಗಿಸಿದವನಿಗೆ ಇಲ್ಲ. ಆ ಬಲ ಇಲ್ಲದವನಿಗೆ ಏನು ಸಿಗುತ್ತದೆ ಎಂಬುದಕ್ಕೆ ಮುಂದೆ ಮನ ಕಲಕುವ ಉದಾಹರಣೆಯೊಂದು ಬರುತ್ತದೆ.

2012ರಿಂದ ಈ ಹಣಕ್ಕೆ ಕಟ್ಟುನಿಟ್ಟಿನ ಮಿತಿ ಬಂದಿದೆ. ಮೊದಲ ಹತ್ತು ಸುತ್ತುಗಳ ಪ್ರತಿ ಸ್ಥಾನಕ್ಕೂ ಲೀಗ್ ಒಂದು ಮೌಲ್ಯ ನಿಗದಿ ಮಾಡುತ್ತದೆ. ಒಂದು ತಂಡದ ಸ್ಥಾನಗಳ ಮೌಲ್ಯಗಳನ್ನು ಕೂಡಿಸಿದರೆ ಅದು ಆ ತಂಡದ ಒಟ್ಟು ಗಂಟು. ಮನೆಯ ಯಜಮಾನಿ ತಿಂಗಳ ಖರ್ಚಿಗೆಂದು ಎತ್ತಿಟ್ಟ ಹಣವಿದ್ದ ಹಾಗೆ, ಒಬ್ಬನಿಗೆ ಹೆಚ್ಚು ಕೊಟ್ಟರೆ ಇನ್ನೊಬ್ಬನಿಗೆ ಕಡಿಮೆ ಮಾಡಬೇಕು. ಗಂಟನ್ನು ಮೀರಿದರೆ ಹೆಚ್ಚುವರಿ ಮೊತ್ತದ ಮೇಲೆ ಶೇ 75ರಷ್ಟು ದಂಡ. ಶೇ 5ಕ್ಕಿಂತ ಹೆಚ್ಚು ಮೀರಿದರೆ ಮುಂದಿನ ವರ್ಷದ ಮೊದಲ ಸುತ್ತಿನ ಸರದಿಯೇ ಕೈತಪ್ಪುತ್ತದೆ. ಆದ್ದರಿಂದ ತಂಡಗಳು ‘ಇವನು ಎಷ್ಟು ಚೆನ್ನಾಗಿ ಆಡುತ್ತಾನೆ’ ಎಂಬುದರ ಜೊತೆಗೆ ‘ಇವನು ಎಷ್ಟಕ್ಕೆ ಒಪ್ಪುತ್ತಾನೆ’ ಎಂದೂ ಯೋಚಿಸುತ್ತವೆ. ಪಟ್ಟಿಯ ಕ್ರಮ ಯೋಗ್ಯತೆಯ ಕ್ರಮವೇ ಆಗಿರಬೇಕಿಲ್ಲ ಎಂಬುದಕ್ಕೆ ಇದೂ ಒಂದು ಕಾರಣ.

ಸಹಿ ಹಾಕಿದವನು ನೇರವಾಗಿ ದೊಡ್ಡ ಮೈದಾನಕ್ಕೆ ಹೋಗುವುದು ಅಪರೂಪ. ಮೈನರ್ ಲೀಗ್ ಎಂಬ ಏಣಿ ಹತ್ತಬೇಕು. ತಳದಲ್ಲಿ ರೂಕಿ ಲೀಗ್, ಅದರ ಮೇಲೆ ಸಿಂಗಲ್-ಎ, ಹೈ-ಎ, ಡಬಲ್-ಎ, ಟ್ರಿಪಲ್-ಎ. ನಮ್ಮಲ್ಲಿ ವಯೋಮಿತಿಯ ತಂಡಗಳನ್ನು ದಾಟಿ ರಣಜಿಗೆ, ಅಲ್ಲಿಂದ ಭಾರತ ತಂಡಕ್ಕೆ ಏರಿದ ಹಾಗೆ. ಸಣ್ಣ ಊರುಗಳು, ರಾತ್ರಿಯೆಲ್ಲ ಬಸ್ ಪ್ರಯಾಣ, ಬೆಳಗ್ಗೆ ಮತ್ತೆ ಅಭ್ಯಾಸ. ಸಂಬಳವೂ ಬಹುಕಾಲ ತೀರಾ ಕಡಿಮೆ ಇತ್ತು. 2023ರಲ್ಲಿ ಮೈನರ್ ಲೀಗ್ ಆಟಗಾರರಿಗೆ ಮೊದಲ ಸಾಮೂಹಿಕ ವೇತನ ಒಪ್ಪಂದ ಆದ ಮೇಲೆ ಸ್ಥಿತಿ ಸುಧಾರಿಸಿತು.

2009ರ ಬೆಳೆ

ಒಂದು ಡ್ರಾಫ್ಟ್ ಹೇಗಿತ್ತು ಎಂದು ಹೇಳಲು ಹತ್ತು ಹದಿನೈದು ವರ್ಷ ಬೇಕು. 2009ರದ್ದು ಈಗ ಪೂರ್ತಿ ತೂಗಿ ನೋಡಬಹುದಾದ ವರ್ಷ. ನನ್ನ ದೃಷ್ಟಿಯಲ್ಲಿ ಈ ಪದ್ಧತಿಯ ಎಲ್ಲ ಮುಖಗಳನ್ನೂ ಒಟ್ಟಿಗೆ ತೋರಿಸುವ ವರ್ಷವೂ ಅದೇ.

ಆ ವರ್ಷ ಮೊದಲ ಹೆಸರಿನ ಬಗ್ಗೆ ಯಾರಿಗೂ ಸಂದೇಹ ಇರಲಿಲ್ಲ. ಸ್ಯಾನ್ ಡಿಯಾಗೊ ಸ್ಟೇಟ್ ವಿಶ್ವವಿದ್ಯಾಲಯದ ಸ್ಟೀಫನ್ ಸ್ಟ್ರಾಸ್‌ಬರ್ಗ್ ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿ ಚೆಂಡು ಎಸೆಯುತ್ತಿದ್ದ. ವಾಷಿಂಗ್ಟನ್ ನ್ಯಾಷನಲ್ಸ್ ಅವನನ್ನು ಆರಿಸಿತು. ಗಡುವು ಮುಗಿಯಲು ಒಂದೆರಡು ನಿಮಿಷವಷ್ಟೇ ಉಳಿದಿದ್ದಾಗ 1.51 ಕೋಟಿ ಡಾಲರ್‌ಗೆ ಸಹಿ ಬಿತ್ತು, ಅಲ್ಲಿಯವರೆಗಿನ ದಾಖಲೆ ಮೊತ್ತಕ್ಕೆ. 2010ರ ಜೂನ್ 8ರಂದು ಮೊದಲ ಪಂದ್ಯದಲ್ಲೇ 14 ಸ್ಟ್ರೈಕ್‌ಔಟ್. ಮೂರು ತಿಂಗಳು ತುಂಬುವುದರೊಳಗೆ ಮೊಣಕೈ ಕೈಕೊಟ್ಟಿತು, ಶಸ್ತ್ರಚಿಕಿತ್ಸೆ ಆಯಿತು.

ಎರಡನೆಯವನು ಡಸ್ಟಿನ್ ಆಕ್ಲಿ. ಕಾಲೇಜು ಮಟ್ಟದಲ್ಲಿ ಅವನ ಬ್ಯಾಟಿಂಗ್ ನೋಡಿದವರು ಇವನು ಸೋಲಲಾರ ಎಂದಿದ್ದರು. 2016ರ ನಂತರ ಆತ ಮೇಜರ್ ಲೀಗ್‌ನಲ್ಲಿ ಕಾಣಿಸಲಿಲ್ಲ. ವಿಚಿತ್ರವೆಂದರೆ ಆಕ್ಲಿಯನ್ನು ಆರಿಸಿದ ಸಿಯಾಟಲ್ ಮ್ಯಾರಿನರ್ಸ್ ತಂಡವೇ ಮೂರನೇ ಸುತ್ತಿನಲ್ಲಿ ಅವನ ಕಾಲೇಜು ಸಂಗಾತಿ ಕೈಲ್ ಸೀಗರ್‌ನನ್ನೂ ತೆಗೆದುಕೊಂಡಿತ್ತು. ಸೀಗರ್ ಅದೇ ತಂಡಕ್ಕೆ 11 ವರ್ಷ ಆಡಿ 242 ಹೋಂ ರನ್ ಹೊಡೆದ. ಒಂದೇ ಮೈದಾನದಲ್ಲಿ ಇಬ್ಬರನ್ನೂ ಅಕ್ಕಪಕ್ಕದಲ್ಲಿ ನಿಲ್ಲಿಸಿ ನೋಡಿದ ಅನುಭವಿಗಳಿಗೂ ಯಾರು ಉಳಿಯುತ್ತಾರೆ ಎಂಬುದು ತಿಳಿಯಲಿಲ್ಲ.

ಮೂರನೆಯ ಡಾನವನ್ ಟೇಟ್‌ಗೆ ಸ್ಯಾನ್ ಡಿಯಾಗೊ ಪಾಡ್ರೆಸ್ 62.5 ಲಕ್ಷ ಡಾಲರ್ ಕೊಟ್ಟಿತು. ಗಾಯಗಳು ಅವನ ಬೆನ್ನು ಬಿಡಲಿಲ್ಲ, ಮೇಜರ್ ಲೀಗ್ ತಲುಪಲೇ ಇಲ್ಲ. ಐದನೆಯವನಾದ ಪಿಚರ್ ಮ್ಯಾಟ್ ಹಾಬ್‌ಗುಡ್ ಸಹ ತಲುಪಲಿಲ್ಲ. ಆರನೆಯ ಝ್ಯಾಕ್ ವೀಲರ್‌ನದು ಸುತ್ತು ಬಳಸಿದ ದಾರಿ: ಆರಿಸಿದ ತಂಡ ಅವನನ್ನು ಎರಡೇ ವರ್ಷಕ್ಕೆ ಬೇರೆಯವರಿಗೆ ಕೊಟ್ಟಿತು, ಮೊಣಕೈ ಶಸ್ತ್ರಚಿಕಿತ್ಸೆಯಿಂದಾಗಿ 2015 ಮತ್ತು 2016 ಎರಡೂ ಋತುಗಳು ಹಾಳಾದವು, ಮೂವತ್ತರ ನಂತರ ಫಿಲಡೆಲ್ಫಿಯಾದಲ್ಲಿ ಅವನು ದೇಶದ ಅತ್ಯುತ್ತಮ ಪಿಚರ್‌ಗಳ ಸಾಲಿಗೆ ಸೇರಿದ. ಮೊದಲ ಹತ್ತು ಮಂದಿಯಲ್ಲಿ ಎಂಟು ಜನ ಮೇಜರ್ ಲೀಗ್ ಮುಟ್ಟಿದರು. ಮುಟ್ಟುವುದು ಬೇರೆ, ನಿಲ್ಲುವುದು ಬೇರೆ.

ಆ ರಾತ್ರಿಯ ನಿಜವಾದ ಕಥೆ ನಡೆದದ್ದು ನ್ಯೂಜೆರ್ಸಿಯ ಸಿಕಾಕಸ್‌ನ ಟಿವಿ ಸ್ಟುಡಿಯೊದಲ್ಲಿ. ಆಟಗಾರರ ಪೈಕಿ ಅಲ್ಲಿಗೆ ಬಂದು ಕುಳಿತವನು ಒಬ್ಬನೇ, ಅದೇ ರಾಜ್ಯದ ಮಿಲ್‌ವಿಲ್ ಊರಿನ 17 ವರ್ಷದ ಹುಡುಗ ಮೈಕ್ ಟ್ರೌಟ್. ಒಂದಾದ ಮೇಲೊಂದರಂತೆ 24 ಹೆಸರು ಓದಿದರು, ಅವನದು ಬರಲಿಲ್ಲ. 25ನೆಯದಾಗಿ ಏಂಜಲ್ಸ್ ತಂಡ ಕರೆಯಿತು. ಬೋನಸ್ 12.15 ಲಕ್ಷ ಡಾಲರ್. ಆ ಸರದಿ ಮೂಲತಃ ನ್ಯೂಯಾರ್ಕ್ ಯಾಂಕೀಸ್‌ನದು. ಏಂಜಲ್ಸ್‌ನಲ್ಲಿದ್ದ ಮಾರ್ಕ್ ಟೆಷೇರಾ ಎಂಬ ತಾರೆಯನ್ನು ಯಾಂಕೀಸ್ ಸೆಳೆದುಕೊಂಡಿದ್ದಕ್ಕೆ ಪರಿಹಾರವಾಗಿ ಅದು ಏಂಜಲ್ಸ್‌ಗೆ ಬಂದಿತ್ತು. ಟ್ರೌಟ್ 2012ರಲ್ಲಿ ವರ್ಷದ ಶ್ರೇಷ್ಠ ಹೊಸ ಆಟಗಾರನಾದ. 2014, 2016 ಮತ್ತು 2019ರಲ್ಲಿ ಲೀಗ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಪಡೆದ. 2019ರಲ್ಲಿ ಅವನ ಜೊತೆ ಏಂಜಲ್ಸ್ ಮಾಡಿಕೊಂಡ 12 ವರ್ಷದ ಒಪ್ಪಂದದ ಮೊತ್ತ 42.65 ಕೋಟಿ ಡಾಲರ್.

ಇಷ್ಟು ದೊಡ್ಡ ಆಟಗಾರ ಸಿಕ್ಕರೂ ಅವನು ಮೇಜರ್ ಲೀಗ್‌ನಲ್ಲಿ ಆಡತೊಡಗಿದ ಮೇಲೆ ಏಂಜಲ್ಸ್ ಪ್ಲೇಆಫ್ ತಲುಪಿದ್ದು 2014ರಲ್ಲಿ ಒಮ್ಮೆ ಮಾತ್ರ. ಅಲ್ಲೂ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಬೇಸ್‌ಬಾಲ್‌ನಲ್ಲಿ ಒಬ್ಬ ಬ್ಯಾಟರ್‌ಗೆ ಪಂದ್ಯವೊಂದರಲ್ಲಿ ನಾಲ್ಕೈದು ಸರದಿಗಳಷ್ಟೇ ಸಿಗುತ್ತವೆ. ಕ್ರಿಕೆಟ್‌ನಂತೆ ಇಡೀ ದಿನ ಕ್ರೀಸಿನಲ್ಲಿ ನಿಂತು ಒಬ್ಬನೇ ಪಂದ್ಯ ಗೆಲ್ಲಿಸಿಕೊಡುವುದು ಅಲ್ಲಿ ಆಗದು.

ಇನ್ನೂ ಕೆಳಗೆ ಹುಡುಕಿದರೆ ಇನ್ನೂ ಬೆರಗು. ಎರಡನೇ ಸುತ್ತಿನಲ್ಲಿ 59ನೆಯವನಾಗಿ ಹೋದ ನೋಲನ್ ಅರೆನಾಡೊ ಸತತ ಹತ್ತು ವರ್ಷ ತನ್ನ ಸ್ಥಾನದ ಶ್ರೇಷ್ಠ ಫೀಲ್ಡರ್ ಎನಿಸಿದ. ಎಂಟನೇ ಸುತ್ತಿನ, 246ನೆಯ ಪಾಲ್ ಗೋಲ್ಡ್‌ಸ್ಮಿತ್ 2022ರಲ್ಲಿ ನ್ಯಾಷನಲ್ ಲೀಗ್‌ನ (ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದು) ಅತ್ಯಮೂಲ್ಯ ಆಟಗಾರನಾದ. 20ನೇ ಸುತ್ತಿನ, 611ನೆಯ ಜೆ.ಡಿ. ಮಾರ್ಟಿನೆಜ್‌ನನ್ನು ಆರಿಸಿದ ಹ್ಯೂಸ್ಟನ್ ಆಸ್ಟ್ರೋಸ್ ತಂಡವೇ 2014ರಲ್ಲಿ ಕೈಬಿಟ್ಟಿತ್ತು. ಅಷ್ಟರಲ್ಲಿ ಆತ ತನ್ನ ಬ್ಯಾಟ್ ಬೀಸುವ ಬಗೆಯನ್ನೇ ಬುಡದಿಂದ ಬದಲಿಸಿಕೊಂಡಿದ್ದ. 2018ರಲ್ಲಿ 43 ಹೋಂ ರನ್ ಹೊಡೆದು ಬಾಸ್ಟನ್ ರೆಡ್ ಸಾಕ್ಸ್‌ನ ವಿಶ್ವ ಸರಣಿ (ಮೇಜರ್ ಲೀಗ್‌ನ ಫೈನಲ್) ಗೆಲುವಿಗೆ ಹೆಗಲು ಕೊಟ್ಟ.

ಮತ್ತೊಬ್ಬ, 13ನೇ ಸುತ್ತಿನ ಮ್ಯಾಟ್ ಕಾರ್ಪೆಂಟರ್. ಕಾಲೇಜಿನಲ್ಲಿ ಐದು ವರ್ಷ ಕಳೆದಿದ್ದ, ‘ಓದಲು ಹೋಗುತ್ತೇನೆ’ ಎನ್ನುವ ಬಲ ಅವನಿಗೆ ಉಳಿದಿರಲಿಲ್ಲ. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಅವನಿಗೆ ಕೊಟ್ಟ ಬೋನಸ್ ಒಂದು ಸಾವಿರ ಡಾಲರ್. ಅದೇ ಡ್ರಾಫ್ಟ್‌ನಲ್ಲಿ ಸ್ಟ್ರಾಸ್‌ಬರ್ಗ್‌ಗೆ ಒಂದೂವರೆ ಕೋಟಿ ಸಿಕ್ಕಿತ್ತು. ಕಾರ್ಪೆಂಟರ್ ಮೂರು ಬಾರಿ ಆಯಾ ವರ್ಷದ ಶ್ರೇಷ್ಠರ ಆಲ್-ಸ್ಟಾರ್ ತಂಡ ಸೇರಿದ.

ಅಂದಾಜು ಎಲ್ಲಿ ತಪ್ಪುತ್ತದೆ

ಹುಡುಗರನ್ನು ನೋಡಿ ಬರಲು ತಂಡಗಳು ಇಡುವ ಜನರಿಗೆ ಸ್ಕೌಟ್ ಎನ್ನುತ್ತಾರೆ. ಬ್ಯಾಟಿಂಗ್, ಹೊಡೆತದ ಬಲ, ಓಟ, ಫೀಲ್ಡಿಂಗ್, ಎಸೆತ ಈ ಐದಕ್ಕೂ 20ರಿಂದ 80ರವರೆಗೆ ಅಂಕ ಕೊಡುತ್ತಾರೆ. ಮೇಜರ್ ಲೀಗ್‌ನ ಸಾಧಾರಣ ಆಟಗಾರನ ಮಟ್ಟ 50. ಹುಡುಗ ಇಂದು ಎಲ್ಲಿದ್ದಾನೆ ಎಂಬುದಕ್ಕೆ ಒಂದು ಅಂಕ, ಮುಂದೆ ಎಲ್ಲಿಗೆ ತಲುಪಬಹುದು ಎಂಬುದಕ್ಕೆ ಇನ್ನೊಂದು. ಆ ಎರಡನೆಯ ಅಂಕದಲ್ಲೇ ಎಲ್ಲ ಎಡವಟ್ಟು.

ಟ್ರೌಟ್‌ನನ್ನೇ ನೋಡಿ. ನ್ಯೂಜೆರ್ಸಿಯಲ್ಲಿ ಚಳಿಗಾಲ ದೀರ್ಘ, ಶಾಲಾ ಪಂದ್ಯಗಳು ಕಡಿಮೆ. ಕ್ಯಾಲಿಫೋರ್ನಿಯಾ, ಫ್ಲಾರಿಡಾದ ಹುಡುಗರಂತೆ ಆತ ವರ್ಷವಿಡೀ ಗಟ್ಟಿ ಪಿಚರ್‌ಗಳನ್ನು ಎದುರಿಸಿರಲಿಲ್ಲ. ದುರ್ಬಲ ಎಸೆತಗಾರರ ಎದುರು ಹೊಡೆದ ಓಟಗಳಿಗೆ ಎಷ್ಟು ಬೆಲೆ ಕೊಡಬೇಕು ಎಂದು ಹಲವರು ಅನುಮಾನಿಸಿದರು. ಏಂಜಲ್ಸ್‌ನ ಆ ಪ್ರದೇಶದ ಸ್ಕೌಟ್ ಗ್ರೆಗ್ ಮೊರ್‌ಹಾರ್ಟ್‌ಗೆ ಮಾತ್ರ ಆ ಅನುಮಾನ ಬರಲಿಲ್ಲ. ಆತ ಹಿಂದೆ ಮೈನರ್ ಲೀಗ್‌ನಲ್ಲಿ ಟ್ರೌಟ್‌ನ ತಂದೆಯ ಜೊತೆ ಆಡಿದ್ದವನು. ಆ ವಂಶದ ಕಸುವನ್ನು ಹತ್ತಿರದಿಂದ ಕಂಡಿದ್ದ.

ವಯಸ್ಸು ಇನ್ನೊಂದು ಕಾರಣ. ಕ್ರಿಕೆಟ್‌ನಲ್ಲೂ 19ರ ಒಳಗಿನ ವಿಶ್ವಕಪ್‌ನಲ್ಲಿ ಮಿಂಚಿ ಆಮೇಲೆ ಮರೆಯಾದವರು ಎಷ್ಟೋ ಮಂದಿ. ಹದಿನೆಂಟರ ದೇಹ ಇಪ್ಪತ್ಮೂರಕ್ಕೆ ಹೇಗಿರುತ್ತದೆ, ಮೊದಲ ಸೋಲನ್ನು ಅವನ ಮನಸ್ಸು ಹೇಗೆ ತಡೆದುಕೊಳ್ಳುತ್ತದೆ, ಇವುಗಳಿಗೆ ಅಳತೆಗೋಲಿಲ್ಲ.

ಪಿಚರ್‌ಗಳ ವಿಷಯದಲ್ಲಿ ಎಲ್ಲಕ್ಕಿಂತ ದೊಡ್ಡ ಅಪಾಯ ಮೊಣಕೈ. ಮೊಣಕೈಯ ಒಳಬದಿಯಲ್ಲಿ ಎರಡು ಎಲುಬುಗಳನ್ನು ಬಿಗಿಯಾಗಿ ಹಿಡಿದಿಡುವ ಪುಟ್ಟ ಪಟ್ಟಿಯಂಥ ಅಸ್ಥಿರಜ್ಜು ಇದೆ. ವೇಗದ ಪ್ರತಿ ಎಸೆತವೂ ಅದನ್ನು ಜಗ್ಗುತ್ತದೆ. ಸೇದುವ ಬಾವಿಯ ಹಗ್ಗದ ಹಾಗೆ, ಎಳೆ ಎಳೆಯಾಗಿ ಸವೆದು ಒಂದು ದಿನ ಹರಿಯುತ್ತದೆ. ಅದೇ ಕೈಯ ಅಥವಾ ಕಾಲಿನ ಸ್ನಾಯುರಜ್ಜುವೊಂದನ್ನು ತೆಗೆದು ಅಲ್ಲಿ ಕಸಿ ಮಾಡುತ್ತಾರೆ. 1974ರಲ್ಲಿ ಡಾ. ಫ್ರಾಂಕ್ ಜೋಬ್ ಮೊದಲ ಬಾರಿ ಈ ಚಿಕಿತ್ಸೆ ಮಾಡಿದ್ದು ಟಾಮಿ ಜಾನ್ ಎಂಬ ಪಿಚರ್‌ಗೆ, ಅಂದಿನಿಂದ ಅವನ ಹೆಸರೇ ಅದಕ್ಕೆ ನಿಂತಿದೆ. ಮರಳಿ ಬರಲು ಒಂದು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು.

ಸ್ಟ್ರಾಸ್‌ಬರ್ಗ್ ಮರಳಿ ಬಂದ. 2012ರಲ್ಲಿ ಕೈಯನ್ನು ಕಾಪಾಡಲೆಂದು ತಂಡ ಅವನನ್ನು ಸೆಪ್ಟೆಂಬರ್‌ನಲ್ಲೇ ಕೂರಿಸಿತು, ಪ್ಲೇಆಫ್‌ನಲ್ಲಿ ಅವನಿಲ್ಲದೆ ಸೋತಿತು. 2019ರಲ್ಲಿ ಅವನೇ ವಿಶ್ವ ಸರಣಿಯ ಅತ್ಯಮೂಲ್ಯ ಆಟಗಾರನಾಗಿ ವಾಷಿಂಗ್ಟನ್‌ಗೆ ಪ್ರಶಸ್ತಿ ತಂದುಕೊಟ್ಟ. ಆ ಡಿಸೆಂಬರ್‌ನಲ್ಲಿ ಏಳು ವರ್ಷಕ್ಕೆ 24.5 ಕೋಟಿ ಡಾಲರ್‌ನ ಹೊಸ ಒಪ್ಪಂದ ಆಯಿತು. ಅದರ ನಂತರ ಅವನಿಗೆ ಆಡಲಾದದ್ದು ಎಂಟೇ ಪಂದ್ಯ. 2024ರಲ್ಲಿ ನಿವೃತ್ತಿ. ಈ ಆಯ್ಕೆಯನ್ನು ಸರಿ ಎನ್ನಬೇಕೋ ತಪ್ಪೆನ್ನಬೇಕೋ? ವಾಷಿಂಗ್ಟನ್‌ನ ಅಭಿಮಾನಿಯನ್ನು ಕೇಳಿದರೆ 2019ರ ಅಕ್ಟೋಬರ್ ಒಂದೇ ಸಾಕು ಎಂದಾನು, ನನಗೂ ಹಾಗೆಯೇ ಅನಿಸುತ್ತದೆ.

ಕುಮಾರ್‌ಗೆ ಆದದ್ದೇನು

ಕುಮಾರ್‌ನ ಹೆಸರು ಮೊದಲು ಡ್ರಾಫ್ಟ್‌ನಲ್ಲಿ ಕೇಳಿಬಂದದ್ದು 2018ರಲ್ಲಿ, 38ನೇ ಸುತ್ತಿನಲ್ಲಿ. ಅದನ್ನು ಬಿಟ್ಟು ಆತ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯಕ್ಕೆ ಹೋದ. 2019ರ ಜೂನ್‌ನಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ವಿರುದ್ಧ ಒಂದೂ ಹಿಟ್ (ಬ್ಯಾಟರ್ ಚೆಂಡು ಹೊಡೆದು ಬೇಸ್ ತಲುಪುವುದು) ಬಿಟ್ಟುಕೊಡದೆ 19 ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿದ, ಆ ವರ್ಷದ ಕಾಲೇಜು ಚಾಂಪಿಯನ್‌ಪಟ್ಟವೂ ಅವನ ತಂಡಕ್ಕೇ ಬಂತು. 2021ರಲ್ಲಿ ಮೆಟ್ಸ್ ಹಿಂದೆ ಸರಿದದ್ದು ಅವನ ಕೈಯ ವೈದ್ಯಕೀಯ ವರದಿ ನೋಡಿ. ಸಹಿ ಆಗದೆ ಹೋದದ್ದಕ್ಕೆ ನಿಯಮದ ಪ್ರಕಾರ ಮೆಟ್ಸ್‌ಗೆ ಮರುವರ್ಷ 11ನೆಯ ಸರದಿ ಪರಿಹಾರವಾಗಿ ಸಿಕ್ಕಿತು. ಹುಡುಗನಿಗೆ ಸಿಕ್ಕಿದ್ದು ಒಂದು ವರ್ಷದ ಕಾಯುವಿಕೆ. ತಂಡಕ್ಕೆ ಪರಿಹಾರವಿದೆ, ಹುಡುಗನಿಗಿಲ್ಲ. ನಿಯಮದ ಈ ಓರೆ ಅಲ್ಲಿನ ಆಟದ ವಲಯದಲ್ಲೂ ಚರ್ಚೆಯಾಯಿತು.

ಆ ವರ್ಷ ಆತ ಭುಜದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ. ಯಾವ ಮೇಜರ್ ಲೀಗ್ ತಂಡಕ್ಕೂ ಸೇರದ ಟ್ರೈ-ಸಿಟಿ ವ್ಯಾಲಿಕ್ಯಾಟ್ಸ್ ಎಂಬ ಸಣ್ಣ ತಂಡಕ್ಕೆ ಕೆಲವು ಪಂದ್ಯ ಆಡಿ, ಕೈ ಸರಿಯಿದೆ ಎಂದು ತೋರಿಸಿದ. 2022ರ ಡ್ರಾಫ್ಟ್‌ನಲ್ಲಿ ಟೆಕ್ಸಾಸ್ ರೇಂಜರ್ಸ್ ಅವನನ್ನು ಆರಿಸಿದ್ದು ಹತ್ತನೆಯವನಾಗಿ ಅಲ್ಲ, ಮೂರನೆಯವನಾಗಿ. ಬೋನಸ್ 52 ಲಕ್ಷ ಡಾಲರ್. ಅವನ ಕಾಲೇಜು ಜೊತೆಗಾರ ಜ್ಯಾಕ್ ಲೈಟರ್‌ನನ್ನು ಅದೇ ತಂಡ ಹಿಂದಿನ ವರ್ಷವೇ ಎರಡನೆಯವನಾಗಿ ಆರಿಸಿಕೊಂಡಿತ್ತು.

2023ರ ಮೇ ತಿಂಗಳಲ್ಲಿ ಕುಮಾರ್‌ನ ಮೊಣಕೈಗೂ ಟಾಮಿ ಜಾನ್ ಶಸ್ತ್ರಚಿಕಿತ್ಸೆ ಬೇಕಾಯಿತು. ಮತ್ತೆ ಒಂದು ವರ್ಷಕ್ಕೂ ಹೆಚ್ಚು ಕಾಲ ಮೈದಾನದಿಂದ ದೂರ. 2024ರ ಬೇಸಿಗೆಯಲ್ಲಿ ಮೈನರ್ ಲೀಗ್‌ನ ತಳದಿಂದ ಮತ್ತೆ ಏಣಿ ಹತ್ತಿ, ಕೆಲವೇ ವಾರಗಳಲ್ಲಿ ಟ್ರಿಪಲ್-ಎ ತಲುಪಿದ. ಸೆಪ್ಟೆಂಬರ್ 12ರ ರಾತ್ರಿ ಸಿಯಾಟಲ್ ಮೈದಾನದಲ್ಲಿ, ಡೆನ್ವರ್‌ನಲ್ಲಿ ಅವನ ಹೆಸರು ಓದಿ ಮೂರು ವರ್ಷ ಎರಡು ತಿಂಗಳು ಕಳೆದ ಮೇಲೆ, ಕುಮಾರ್ ರಾಕರ್ ತನ್ನ ಮೊದಲ ಮೇಜರ್ ಲೀಗ್ ಪಂದ್ಯದ ಚೆಂಡನ್ನು ಕೈಗೆತ್ತಿಕೊಂಡ. ನಾಲ್ಕು ಇನಿಂಗ್ಸ್ ಎಸೆದು ಏಳು ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿದ.